ಹತ್ತು ಇಲ್ಲಿಂದ, ಹತ್ತು ಅಲ್ಲಿಂದ

ಮೂವತ್ತೊಂದರವರೆಗೆ ಎಣಿಸಿದ್ದಳು. ಮೂವತ್ತೆರಡನೆಯದು ಇನ್ನೊಂದರ ಮೇಲೆ ಅಡ್ಡ ಬಿದ್ದಿತ್ತು. ಅದು ಒಂದೋ ಎರಡೋ ತಿಳಿಯಲು ಸೂಕ್ಷ್ಮದರ್ಶಕದ ತಿರುಗಣಿಯನ್ನು ಕೂದಲೆಳೆಯಷ್ಟು ಹಿಂದೆ, ಕೂದಲೆಳೆಯಷ್ಟು ಮುಂದೆ ಆಡಿಸುತ್ತಿದ್ದಳು. ಯಾರೋ ಅಪರಿಚಿತರ ರಕ್ತದ ಒಂದು ಕೋಶ ಗಾಜಿನ ಮೇಲೆ ಒಡೆದು, ಅದರೊಳಗಿನ ವರ್ಣತಂತುಗಳು ಪಟ್ಟೆಪಟ್ಟೆಯಾಗಿ ಚೆಲ್ಲಿಕೊಂಡಿದ್ದವು. ಹನ್ನೊಂದು ವರ್ಷದಿಂದ ದಿನವೂ ನೋಡುವ ನೋಟ. ಆದರೂ ಪ್ರತಿ ಕೋಶವನ್ನೂ ಎಡದಿಂದ ಒಮ್ಮೆ, ಬಲದಿಂದ ಒಮ್ಮೆ ಎಣಿಸದೆ ಅವಳು ಬಿಡುತ್ತಿರಲಿಲ್ಲ. ಅದಕ್ಕೇ ಲ್ಯಾಬಿನಲ್ಲಿ ಅವಳಿಗೆ 'ಎರಡು ಸಲ' ಎಂದು ಅಡ್ಡಹೆಸರು. ಮೊದಮೊದಲು ಬೇಜಾರಾಗುತ್ತಿತ್ತು, ಆಮೇಲೆ ಒಳಗೊಳಗೇ ಹೆಮ್ಮೆಯಾಗತೊಡಗಿತ್ತು. ಪಕ್ಕದ ಮೇಜಿನಿಂದ, ದಪ್ಪ ಗಾಜಿನ ದೆಸೆಯಿಂದ ಎಲ್ಲರ ಬಾಯಲ್ಲೂ 'ಕನ್ನಡಕ'ವಾಗಿದ್ದ ಸಹೋದ್ಯೋಗಿ ಲ್ಯಾಬಿನ ಫೋನನ್ನು ಅವಳ ಕಿವಿಯ ಹತ್ತಿರ ಹಿಡಿದ. "ಎರಡು ಸಲದ ಅಕ್ಕಾವರೇ, ನಿಮ್ಮ ತಮ್ಮ. ಉಸಿರು ಬಿಡದೆ ಮಾತಾಡ್ತಿದ್ದಾರೆ, ಬೇಗ ತಗೊಳ್ಳಿ."

"ಎಲ್ಲಿಗೆ ಹೋಗಿದ್ದೆ ಅಕ್ಕಾ? ಬೆಳಗಿನಿಂದ ಎಂಟು ಸಲ ಮಾಡಿದೀನಿ."

"ಮೊಬೈಲು ಹೊರಗಿಟ್ಟು ಬರಬೇಕು ಅಂತ ನಿನಗೆ ಗೊತ್ತಲ್ಲ. ಏನಾಯ್ತು?"

"ಏನಾಯ್ತು ಅಂದ್ರೆ? ಸೋದರತ್ತೆ ಆದೆ! ಬೆಳಿಗ್ಗೆ ಐದೂವರೆಗೆ. ಗಂಡು ಮಗು."

"ಏನು?"

"ಗಂಡು ಅಕ್ಕಾ, ಗಂಡು."

"ಸರಿಯಾಗಿ ನೋಡಿದೆಯಾ?"

ಆ ಕಡೆ ತಮ್ಮ ಗಟ್ಟಿಯಾಗಿ ನಕ್ಕ. ನಕ್ಕು ಯಾರಿಗೋ, ಬಹುಶಃ ಅಮ್ಮನಿಗೆ, "ಸರಿಯಾಗಿ ನೋಡಿದೆಯಾ ಅಂತ ಕೇಳ್ತಾಳೆ" ಎಂದ. ಅಲ್ಲಿಯೂ ನಗು. "ಇದನ್ನ ನೋಡೋಕೆ ನಿನ್ನ ಮೈಕ್ರೋಸ್ಕೋಪು ಬೇಡ ಬಿಡು ಅಕ್ಕಾ. ಮಧ್ಯಾಹ್ನ ರಜ ಹಾಕಿ ಬಾ."

ಫೋನು ಕೆಳಗಿಟ್ಟಳು. ಇಟ್ಟ ಮೇಲೂ ಅದರ ಮೇಲಿನಿಂದ ಕೈ ತೆಗೆಯಲಾಗಲಿಲ್ಲ. ಕನ್ನಡಕ "ಸಿಹಿ ಯಾವಾಗ?" ಎಂದಿದ್ದಕ್ಕೆ ಅವಳು ತಲೆಯಾಡಿಸಿರಬೇಕು, ಅವನು ಸಂತೋಷದಿಂದ ತನ್ನ ಕೆಲಸಕ್ಕೆ ತಿರುಗಿದ. ಕಿಟಕಿಯಾಚೆ ಗೋಡೆಗೆ ಬಣ್ಣ ಹೊಡೆಯುವವನು ಏಣಿ ಸರಿಸುತ್ತಿದ್ದ. ಎಲ್ಲವೂ ಹೀಗೆ ಇದ್ದ ಹಾಗೇ ಇರುವುದು ಅವಳಿಗೆ ಅಸಭ್ಯವೆನಿಸಿತು. ಗಂಡು. ಗಂಡಾಗಲು ಸಾಧ್ಯವಿಲ್ಲ. ಸಾಧ್ಯವಿಲ್ಲವೆಂದು ಈ ಭೂಮಿಯ ಮೇಲೆ ಅವಳೊಬ್ಬಳಿಗೇ ಗೊತ್ತಿತ್ತು. ಐದು ತಿಂಗಳ ಹಿಂದೆ ತಮ್ಮನ ಹೆಂಡತಿಯ ಗರ್ಭದ ನೀರು ಇದೇ ಲ್ಯಾಬಿಗೆ ಬಂದಾಗ ಅದರ ಇಪ್ಪತ್ತು ಕೋಶಗಳನ್ನು ಎಣಿಸಿದವಳು ಅವಳೇ. ಇಪ್ಪತ್ತರಲ್ಲೂ ನಲವತ್ತಾರು, ಹೆಚ್ಚಿಲ್ಲ ಕಡಿಮೆಯಿಲ್ಲ. ಇಪ್ಪತ್ತರಲ್ಲೂ ಕೊನೆಯ ಜೋಡಿ ಎರಡು ಎಕ್ಸ್, ಅಂದರೆ ಹೆಣ್ಣು. ಅದನ್ನು ಯಾರಿಗೂ ಹೇಳುವಂತಿಲ್ಲವೆಂಬುದು ಲ್ಯಾಬಿನ ನಿಯಮ. ಹೊರಗೆ ಹೋಗುವ ವರದಿಯಲ್ಲಿ ಸಂಖ್ಯೆ ಸರಿಯಿದೆ ಎಂದಷ್ಟೇ ಇರುತ್ತದೆ, ಉಳಿದದ್ದು ಒಳಗಿನ ರಿಜಿಸ್ಟರಿನಲ್ಲಿ. ಅವಳು ನಿಯಮ ಮುರಿಯುವವಳಲ್ಲ. ಆದರೆ ಬಾಯೊಳಗೆ ಅಡಗಿಸಿಟ್ಟ ಕಲ್ಲುಸಕ್ಕರೆಯಂತೆ ಆ ಗುಟ್ಟನ್ನು ಐದು ತಿಂಗಳು ಚಪ್ಪರಿಸಿದ್ದಳು. ಅದಕ್ಕೆ 'ಪುಟ್ಟಿ' ಎಂದು ಹೆಸರಿಟ್ಟು ಬಸ್ಸಿನಲ್ಲಿ, ಸ್ನಾನದ ಮನೆಯಲ್ಲಿ ಅದರೊಡನೆ ಮಾತಾಡಿದ್ದಳು. ಕಪಾಟಿನಲ್ಲಿ ಬಟ್ಟೆಯ ಅಡಿ ಒಂದು ಉಣ್ಣೆಯ ಟೋಪಿಯಿತ್ತು. ಅದರ ಅಂಚಿನಲ್ಲಿ ಏಳು ಚಿಕ್ಕ ಹೂಗಳು, ಮೂರು ಸಲ ಬಿಚ್ಚಿ ಹೆಣೆದವು. ನಿನ್ನೆ ನೋವು ಶುರುವಾಯಿತೆಂದು ಕೇಳಿ ಬೆಳಿಗ್ಗೆ ಅದನ್ನು ಕೈಚೀಲದಲ್ಲಿ ಹಾಕಿಕೊಂಡು ಬಂದಿದ್ದಳು.

ಆಸ್ಪತ್ರೆಯವರು ಮಗು ಅದಲುಬದಲು ಮಾಡಿದ್ದಾರೆ. ಆ ಯೋಚನೆ ಬಂದಾಗ ಅವಳಿಗಾದ ನೆಮ್ಮದಿ ಎಷ್ಟೆಂದರೆ ಕುರ್ಚಿಯಲ್ಲಿ ಬೆನ್ನು ಆನಿಸಿ ಕೂತಳು. ಹೌದು, ಹಾಗೇ ಆಗಿರಬೇಕು. ಪಕ್ಕದ ಹಾಸಿಗೆಯ ಯಾರದೋ ಗಂಡು ಇಲ್ಲಿಗೆ, ಪುಟ್ಟಿ ಅಲ್ಲಿಗೆ. ಮರುಕ್ಷಣ, ತನ್ನ ಲೆಕ್ಕ ಸರಿಯಾಗಿರಲಿ ಎಂಬ ಒಂದೇ ಆಸೆಗೆ ಇಬ್ಬರು ತಾಯಂದಿರ ಮಕ್ಕಳನ್ನು ಕಿತ್ತು ಅತ್ತಿಂದಿತ್ತ ಇಟ್ಟೆನಲ್ಲಾ ಎನ್ನಿಸಿ ಕಿವಿ ಬಿಸಿಯಾಯಿತು. ಆದರೂ ಮನಸ್ಸು ಬಿಡಲಿಲ್ಲ. ಎರಡು ಎಕ್ಸ್ ಇದ್ದೂ ಗಂಡಾಗಿ ಹುಟ್ಟುವವರು ಇಪ್ಪತ್ತು ಸಾವಿರಕ್ಕೊಬ್ಬರು ಇರುತ್ತಾರೆ, ಪಾಠದಲ್ಲಿ ಬರೆದುಕೊಂಡಿದ್ದಳು. ಇಪ್ಪತ್ತು ಸಾವಿರಕ್ಕೆ ಒಂದು. ಮುಳುಗುವವಳಿಗೆ ಹುಲ್ಲುಕಡ್ಡಿ. ಎದ್ದು ಹೋಗಿ ಕಬ್ಬಿಣದ ಕಪಾಟು ತೆಗೆದಳು. ತಿಂಗಳು ತಿಂಗಳಿನ ಸ್ಲೈಡುಗಳ ಪೆಟ್ಟಿಗೆಗಳು. ಆ ಸಂಖ್ಯೆಯನ್ನು ಹುಡುಕಬೇಕಾಗಿರಲಿಲ್ಲ, ನಾಲ್ಕು ಸೊನ್ನೆ ಏಳು ಒಂಬತ್ತು, ಬಾಯಿಪಾಠವಾಗಿತ್ತು. ಎಣಿಸುತ್ತಿದ್ದ ಅಪರಿಚಿತರ ಸ್ಲೈಡನ್ನು ತೆಗೆದು ಪಕ್ಕಕ್ಕಿಟ್ಟು ಇದನ್ನು ಇಟ್ಟಳು. ಮೂವತ್ತೊಂದು ಎಂಬುದು ಎಲ್ಲೋ ಕಳೆದುಹೋಯಿತು.

ಏನು ಚೆಂದದ ಕೋಶಗಳು. ಬಿಡಿಬಿಡಿಯಾಗಿ, ಒಂದರ ಮೇಲೊಂದು ಬೀಳದೆ, ಹಬ್ಬಿ ನಿಂತಿದ್ದವು. ಎರಡು ಎಕ್ಸ್. ಮುಂದಿನದು, ಎರಡು ಎಕ್ಸ್. ಅಂದು ಇವನ್ನು ನೋಡಿ ಅವಳು ಎಷ್ಟು ಖುಷಿಪಟ್ಟಿದ್ದಳು, ನಮ್ಮ ಮನೆಯ ಮಗುವಿನ ಕೋಶ ಎಷ್ಟು ಗಟ್ಟಿ, ಎಷ್ಟು ಬೇಗ ಬೆಳೆದವು ಎಂದು. ಹಿಂದೆ ಸಂಜೆ ಕಾಲೇಜಿನಲ್ಲಿ ಓದುತ್ತಿದ್ದಾಗ ಮೇಷ್ಟ್ರು ಒಂದು ದಿನ ವರ್ಣತಂತುಗಳ ಪಾಠಕ್ಕೆಂದು ಚೀಲದ ತುಂಬ ತಮ್ಮ ಮನೆಯ ಕಾಲುಚೀಲಗಳನ್ನು ತಂದು ಮೇಜಿನ ಮೇಲೆ ಸುರಿದಿದ್ದರು. ಹಗಲೆಲ್ಲ ಬೇರೆಲ್ಲೋ ದುಡಿದು ಬಂದು ಆಕಳಿಸುತ್ತ ಪಾಠ ಮಾಡುವವರು. ಕೇಳುವವರೂ ಹಗಲೆಲ್ಲ ದುಡಿದು ಬಂದವರೇ, ಗುಮಾಸ್ತರು, ಡ್ರೈವರುಗಳು, ಒಬ್ಬ ದರ್ಜಿ, ಅವಳು. "ಜೋಡಿ ಹಾಕ್ರಪ್ಪಾ." ಅವಳೇ ಎಲ್ಲರಿಗಿಂತ ಮೊದಲು ಹಾಕಿದಳು. ಇಪ್ಪತ್ತಮೂರು ಜೋಡಿ, ಒಂದು ಅಮ್ಮನಿಂದ ಬಂದದ್ದು, ಒಂದು ಅಪ್ಪನಿಂದ ಬಂದದ್ದು. ಕೊನೆಯಲ್ಲಿ ಅತಿ ಚಿಕ್ಕ ಅಳತೆಯದೊಂದು ಕೈಯಲ್ಲಿ ಉಳಿದುಬಿಟ್ಟಿತು, ಆ ಜೋಡಿಯಲ್ಲಿ ಎರಡಲ್ಲ, ಮೂರು. "ಒಂದು ಜಾಸ್ತಿ ಇದ್ರೆ ಲಾಭವೇ ಅಲ್ವಾ ಸಾರ್?" ಎಂದ ದರ್ಜಿ. "ಜಾಸ್ತಿ ಬಂದದ್ದು ಸುಮ್ನೆ ಮೂಲೇಲಿ ಕೂರಲ್ಲ ಕಣಯ್ಯಾ. ಅದೂ ಕೆಲಸ ಮಾಡತ್ತೆ. ಮದುವೆ ಮನೆಗೆ ಬಂದ ಮೂರನೇ ಯಜಮಾನನ ಹಾಗೆ ಎಲ್ಲದಕ್ಕೂ ಕೈ ಹಾಕತ್ತೆ. ಹೃದಯಕ್ಕೂ ಕೈ ಹಾಕತ್ತೆ, ಕಣ್ಣಿಗೂ ಹಾಕತ್ತೆ." ತರಗತಿಯೆಲ್ಲ ನಕ್ಕಿತ್ತು. ಅವಳು ನಗದೆ ಬರೆದುಕೊಂಡಿದ್ದಳು.

ತಮ್ಮನ ಹೆಂಡತಿಗೆ ಮೂವತ್ತೆಂಟು. ಮದುವೆಯಾಗಿ ಹನ್ನೊಂದು ವರ್ಷದ ಮೇಲೆ ನಿಂತ ಬಸಿರು. ರಕ್ತದ ಪರೀಕ್ಷೆಯಲ್ಲಿ, ಮಗುವಿಗೆ ಆ ಚಿಕ್ಕ ವರ್ಣತಂತು ಒಂದು ಜಾಸ್ತಿ ಇರಬಹುದೆಂದು ಅನುಮಾನ ಬಂದು, ಸೂಜಿ ಹಾಕಿ ಗರ್ಭದ ನೀರು ತೆಗೆಸಬೇಕೆಂದಾಗ ಅವಳೇ ಇವಳ ಕೈ ಹಿಡಿದುಕೊಂಡು, "ಏನೇ ಇದ್ರೂ ನಾನು ಇಟ್ಕೋತೀನಿ ಅಕ್ಕಾ. ಆದ್ರೆ ಮೊದಲೇ ಗೊತ್ತಾಗ್ಲಿ. ತಯಾರಾಗ್ಬೇಕು ನಾನು" ಎಂದಿದ್ದಳು. ನೆಂಟರ ಪರೀಕ್ಷೆಯನ್ನು ನೆಂಟರು ಮಾಡಬಾರದೆಂದು ಲ್ಯಾಬಿನ ದೊಡ್ಡ ಮೇಡಂ ಎಷ್ಟೋ ಸಲ ಹೇಳಿದ್ದರು. ಬೇರೆಯವರ ಕೈಗೆ ಕೊಡಲು ಮನಸ್ಸು ಬರಲಿಲ್ಲ. ಕನ್ನಡಕ ಒಂದೇ ಸಲ ಎಣಿಸುತ್ತಾನೆ. ಬಂದ ನೀರು ತಿಳಿಯಾಗಿರಲಿಲ್ಲ, ತುಸು ಕೆಂಪಿತ್ತು, ಸೂಜಿ ಹೋಗುವಾಗ ತಾಯಿಯ ರಕ್ತ ಬೆರೆತಿರಬೇಕು. ಎಂದಿನಂತೆ ಎರಡು ಫ್ಲಾಸ್ಕುಗಳಲ್ಲಿ ಬೇರೆಬೇರೆಯಾಗಿ ಬೆಳೆಯಲು ಇಟ್ಟಳು. ಎರಡರಲ್ಲಿ ಬೆಳೆಸುವುದೇ ಒಂದು ಮೋಸ ಮಾಡಿದರೆ ಇನ್ನೊಂದು ಹಿಡಿದುಕೊಡಲಿ ಎಂದು. ಹತ್ತು ಇಲ್ಲಿಂದ, ಹತ್ತು ಅಲ್ಲಿಂದ. ಹೊಸಬರಿಗೆ ಮೊದಲ ದಿನ ಅವಳೇ ಹೇಳಿಕೊಡುವ ಮಾತು, ಹಾಡಿನ ಹಾಗೆ. ಒಂಬತ್ತನೆಯ ದಿನ ಮೊದಲ ಫ್ಲಾಸ್ಕು ತುಂಬಿ ತುಳುಕುತ್ತಿತ್ತು. ಎರಡನೆಯದರ ತಳದಲ್ಲಿ ಅಲ್ಲೊಂದು ಇಲ್ಲೊಂದು, ಇನ್ನೂ ಐದು ದಿನವಾದರೂ ಬೇಕು. ತಮ್ಮ ದಿನಕ್ಕೆ ಮೂರು ಸಲ ಫೋನು ಮಾಡುತ್ತಿದ್ದ. "ಅಕ್ಕಾ, ಅವಳು ಊಟ ಬಿಟ್ಟಿದ್ದಾಳೆ. ರಾತ್ರಿಯೆಲ್ಲ ಕೂತಿರ್ತಾಳೆ. ಇವತ್ತು ಏನಾದ್ರೂ ಹೇಳು." ಇಪ್ಪತ್ತನ್ನೂ ಮೊದಲ ಫ್ಲಾಸ್ಕಿನಿಂದಲೇ ಎಣಿಸಿದಳು. ಎರಡೆರಡು ಸಲ ಎಣಿಸಿದಳು. ರಿಜಿಸ್ಟರಿನಲ್ಲಿ ಎರಡು ಕಾಲಂ. ಪೆನ್ನು ಒಂದು ಗಳಿಗೆ ನಿಂತದ್ದು ಈಗಲೂ ಬೆರಳಿಗೆ ನೆನಪಿದೆ. ಮೊದಲ ಕಾಲಮಿನಲ್ಲಿ ಹತ್ತು ಬರೆದಳು. ಎರಡನೆಯದರಲ್ಲೂ ಹತ್ತು. ಯಾರಿಗೂ ಏನೂ ನಷ್ಟವಿಲ್ಲ, ಒಂದೇ ನೀರಿನ ಎರಡು ಫ್ಲಾಸ್ಕು, ಅಲ್ಲಿದ್ದದ್ದೇ ಇಲ್ಲೂ ಇರುವುದು. ದೊಡ್ಡ ಮೇಡಂ ರುಜು ಹಾಕುತ್ತ, "ನೀನು ನೋಡಿದ್ದೀಯಲ್ಲ, ಸಾಕು" ಎಂದರು. ಎರಡನೆಯ ಫ್ಲಾಸ್ಕಿಗೆ ಕ್ರಿಮಿ ಕೊಲ್ಲುವ ಮದ್ದು ಹಾಕಿ ಅದನ್ನು ಕಸದ ಕೆಂಪು ಡಬ್ಬಿಗೆ ಬಿಟ್ಟಳು.

ನಿಧಾನವಾಗಿ ಬೆಳೆಯುತ್ತಿದ್ದವು ಮಗುವಿನವು. ಬೇಗ ಹಬ್ಬಿದ್ದು ಆ ಕೆಂಪಿನ ಜೊತೆ ಬೆರೆತು ಬಂದ ತಾಯಿಯವು. ಅವಳು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದಳು. ಕೆಂಪು ಡಬ್ಬಿಗೆ ಬಿಟ್ಟದ್ದು ಅವನನ್ನು. ಎರಡೆರಡು ಸಲ ಎಣಿಸಿದ್ದು ಅವನ ತಾಯಿಯನ್ನು. ಪುಟ್ಟಿ ಎಂಬುವಳು ಎಂದೂ ಇರಲೇ ಇಲ್ಲ. ಬಸ್ಸಿನಲ್ಲಿ, ಸ್ನಾನದ ಮನೆಯಲ್ಲಿ ಇವಳು ಮಾತಾಡಿದ್ದು ಮೂವತ್ತೆಂಟು ವರ್ಷದ ತಮ್ಮನ ಹೆಂಡತಿಯೊಡನೆ. ಅದು ನಗು ಬರಿಸುವ ವಿಷಯವಾಗಿತ್ತು, ಬೇರೆ ಯಾರಿಗಾದರೂ ಆಗಿದ್ದರೆ. ಹಾಗಾದರೆ ಆ ಮಗುವಿನಲ್ಲಿ ಎಷ್ಟು? ನಲವತ್ತಾರಿರಬಹುದು. ಇದ್ದೇ ಇರಬಹುದು, ಅನುಮಾನ ಬಂದವರಲ್ಲಿ ಬಹಳ ಮಂದಿಯ ಮಕ್ಕಳಿಗೆ ಏನೂ ಇರುವುದಿಲ್ಲ. ನಲವತ್ತೇಳಿರಬಹುದು. ಯಾರೂ ಎಣಿಸಿಲ್ಲ. ಎಣಿಸಿದ್ದೇವೆಂದು ಕಾಗದ ಕೊಟ್ಟು, ಎಣಿಸುವ ಬಾಗಿಲನ್ನು ಮುಚ್ಚಿ, ಬೀಗ ಹಾಕಿ, ಬೀಗದ ಮೇಲೆ ತನ್ನ ಹೆಸರು ಬರೆದಿದ್ದಳು. ಕನ್ನಡಕ ಈ ಕಡೆ ನೋಡುತ್ತಿದ್ದ. "ಯಾಕೆ ಅಕ್ಕಾ, ಮುಖ ಸುಣ್ಣ ಆಗಿದೆ? ಸಂತೋಷಕ್ಕೂ ಹೀಗಾಗತ್ತಂತೆ." ಅವಳು ಚೀಲ ಎತ್ತಿಕೊಂಡು ಹೊರಟಳು. ಸ್ಲೈಡು ಹಾಗೇ ಇತ್ತು, ದೀಪ ಉರಿಯುತ್ತಲೇ ಇತ್ತು. ಮೆಟ್ಟಿಲಿಳಿಯುವಾಗ ನೆನಪಾಯಿತು. ವಾಪಸು ಹೋಗಿ ಆರಿಸಲಿಲ್ಲ.

ಬಸ್ಸಿನಲ್ಲಿ ಎದುರಿನ ಸೀಟಿನ ಹೆಂಗಸಿನ ಹೆಗಲ ಮೇಲೆ ಒಂದು ಮಗು ಇತ್ತು. ಅದರ ಕಿವಿ, ಅದರ ಕಣ್ಣಿನ ಓರೆ, ಕಿರುಬೆರಳು ಎಲ್ಲವನ್ನೂ ಅಳೆಯುತ್ತಿದ್ದೇನೆಂದು ತಿಳಿದದ್ದು ಆ ಹೆಂಗಸು ಸೆರಗು ಎಳೆದು ಮಗುವಿನ ಮುಖ ಮುಚ್ಚಿದಾಗ. ಸುಮ್ಮನಿದ್ದರಾಯಿತು. ಆ ಯೋಚನೆ ಮೊದಲು ಪಕ್ಕದಲ್ಲಿ ಬಂದು ಕೂತಿತು, ಸಂಕೋಚದ ಪ್ರಯಾಣಿಕನಂತೆ, ಆಮೇಲೆ ಮೈಗೆ ಒತ್ತಿಕೊಂಡಿತು. ಮಗುವಿಗೆ ಏನಾದರೂ ಇದ್ದರೆ ಹೇಗೂ ತಿಳಿಯುತ್ತದೆ, ಮುಖ ನೋಡಿದರೇ ಡಾಕ್ಟರಿಗೆ ಗೊತ್ತಾಗುತ್ತದೆ. ಇಲ್ಲದಿದ್ದರೆ ಯಾಕೆ ಹೇಳಬೇಕು, ಹೆತ್ತವಳ ಎದೆಗೆ ಬೆಂಕಿ ಯಾಕೆ ಹಾಕಬೇಕು. ಹೆಣ್ಣೆಂದು ಬರೆದದ್ದು ರಿಜಿಸ್ಟರಿನಲ್ಲಿ ಮಾತ್ರ. ರಿಜಿಸ್ಟರು ತೆಗೆದು ಯಾರು ನೋಡುತ್ತಾರೆ? ಚಿಕ್ಕವಳಿದ್ದಾಗ ತಮ್ಮನ ಕಾಲುಚೀಲಗಳಲ್ಲಿ ಒಂದನ್ನು ಕಳೆದು, ಅಮ್ಮನಿಗೆ ಹೇಳದೆ, ಬೇರೆ ಬಣ್ಣದ ಎರಡನ್ನು ಸುತ್ತಿ ಜೋಡಿ ಎಂದು ಇಟ್ಟಿದ್ದಳು. ತಮ್ಮ ಶಾಲೆಯಲ್ಲಿ ಬೂಟು ಬಿಚ್ಚಿದಾಗ ಎಲ್ಲರೂ ನಕ್ಕರು. ಮನೆಗೆ ಬಂದು ಅವನು ಅತ್ತನೇ ಹೊರತು ಅವಳ ಹೆಸರು ಹೇಳಲಿಲ್ಲ. ಅಕ್ಕ ಹಾಗೆ ಮಾಡಿರುತ್ತಾಳೆಂದು ಅವನಿಗೆ ಹೊಳೆಯಲೇ ಇಲ್ಲ.

"ಯಾರನ್ನ ನೋಡ್ಬೇಕಮ್ಮಾ?" ಆಸ್ಪತ್ರೆಯ ಬಾಗಿಲಲ್ಲಿ ಕಾವಲಿನವನು ಪುಸ್ತಕ ಬಿಚ್ಚಿ ಕೇಳಿದ.

"ನಾಲ್ಕು ಸೊನ್ನೆ ಏಳು ಒಂಬತ್ತು."

"ಹೆಸರು ಕೇಳಿದ್ರೆ ಲಾಟರಿ ನಂಬರು ಹೇಳ್ತೀರಲ್ಲ!" ಹಿಂದೆ ಸಾಲಿನಲ್ಲಿ ನಿಂತವರು ನಕ್ಕರು. ಅವಳೂ ನಕ್ಕಳು. ಹೆಸರು ಹೇಳಿ ಮೆಟ್ಟಿಲು ಹತ್ತಿದಳು.

ಎರಡನೆಯ ಮಹಡಿಯ ಕೋಣೆಯಲ್ಲಿ ಎರಡು ಹಾಸಿಗೆ, ಒಂದು ಖಾಲಿ. ಅಮ್ಮ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕುರ್ಚಿಯಲ್ಲಿ ಕೂತಿದ್ದಳು. ತಮ್ಮ ಗಡ್ಡ ಬೋಳಿಸಿರಲಿಲ್ಲ, ಮುಖವೆಲ್ಲ ಹಲ್ಲು. "ಬಂದ್ಲು ನೋಡು ಲೆಕ್ಕಾಧಿಕಾರಿ! ಸರಿಯಾಗಿ ನೋಡು ಬಾ ಅಕ್ಕಾ, ಎರಡು ಸಲ ನೋಡು." ಅಮ್ಮ ಮಗುವನ್ನು ಇವಳ ಕಡೆ ತಿರುಗಿಸಿದಳು. "ಅಪ್ಪನ ಮೂಗು, ತಾತನ ಹಣೆ. ಕಳ್ಳಿ, ನಿನಗೆ ಮೊದಲೇ ಗೊತ್ತಿತ್ತಲ್ವೇನೇ ಗಂಡು ಅಂತ? ಐದು ತಿಂಗಳು ತುಟಿ ಬಿಚ್ಚಲಿಲ್ಲ. ಹೆತ್ತ ತಾಯಿಗಾದ್ರೂ ಒಂದು ಕಣ್ಸನ್ನೆ ಮಾಡಬಾರದಿತ್ತೇ?" ತಮ್ಮ ಪಕ್ಕದಲ್ಲಿದ್ದ ನರ್ಸಿಗೆ, "ನಮ್ಮಕ್ಕ ಕ್ರೋಮೋಸೋಮು ಎಣಿಸ್ತಾಳೆ ಸಿಸ್ಟರ್. ಇವನನ್ನ ಹುಟ್ಟೋಕೆ ಮೊದಲೇ ಎಣಿಸಿಬಿಟ್ಟಿದ್ದಾಳೆ" ಎಂದ. "ಅದೇನೋ ಅಕ್ಕೀಲಿ ಕಲ್ಲು ಆರಿಸಿದ ಹಾಗೆ" ಎಂದಳು ಅಮ್ಮ ಹೆಮ್ಮೆಯಿಂದ. ನರ್ಸು ನಕ್ಕು ಹೋದಳು. ಇವಳು ಮಗುವಿನ ಮುಖ ನೋಡಲಿಲ್ಲ. ಬಟ್ಟೆಯ ಹೊರಗೆ ಬಂದ ಒಂದು ಪಾದ ಕಂಡಿತು, ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವಿನ ಅಗಲ ಜಾಗ ಕಂಡಿತು, ಒಂದು ಜಾಸ್ತಿ ಇದ್ದವರ ಲಕ್ಷಣವೆಂದು ಪಾಠದಲ್ಲಿ ಬರೆದುಕೊಂಡಿದ್ದು. ಎಲ್ಲ ಮಕ್ಕಳಿಗೂ ಹಾಗೇ ಇರುತ್ತದೆಯೇನೋ. ಎಷ್ಟು ಮಕ್ಕಳ ಪಾದ ನೋಡಿದ್ದಾಳೆ ಅವಳು? ಅವಳು ನೋಡಿದ್ದೆಲ್ಲ ಗಾಜಿನ ಮೇಲೆ ಒಡೆದ ಕೋಶಗಳನ್ನು.

ತಮ್ಮನ ಹೆಂಡತಿ ದಿಂಬಿಗೊರಗಿ ಮಲಗಿದ್ದಳು. ಎಲ್ಲರೂ ನಗುವಾಗ ಅವಳು ನಕ್ಕಿರಲಿಲ್ಲ. "ಇವನು ತುಂಬ ಮೆತ್ತಗಿದ್ದಾನೆ ಅಕ್ಕಾ" ಎಂದಳು.

"ಶುರುವಾಯ್ತು" ಎಂದ ತಮ್ಮ. "ಬೆಳಗಿನಿಂದ ಇದೇ ಪಾಠ."

"ಹುಟ್ಟಿದ ಮಗು ಮೆತ್ತಗಿರದೆ ಕಲ್ಲಾಗಿರತ್ತೇನೇ?" ಎಂದಳು ಅಮ್ಮ. "ಚೊಚ್ಚಲ ಬಾಣಂತಿ, ನಿದ್ದೆ ಇಲ್ಲ. ಡಾಕ್ಟರೂ ಹೇಳಿದ್ರಲ್ಲ."

"ಮೂರು ಗುಟುಕು ಎಳೀತಾನೆ, ಸುಸ್ತಾಗ್ತಾನೆ. ತುಟಿ ಒಂಥರಾ ಆಗತ್ತೆ."

"ಡಾಕ್ಟರು ಫೈಲು ನೋಡಿದ್ರಾ?" ಇವಳ ದನಿ ಇವಳಿಗೇ ಬೇರೆ ಯಾರದೋ ಎನಿಸಿತು.

"ನೋಡಿದ್ರು. 'ವರ್ಣತಂತು ಪರೀಕ್ಷೆ ಆಗಿದೆಯಲ್ಲಮ್ಮ, ಎಲ್ಲ ಸರಿಯಿದೆ, ಸುಮ್ನೆ ಇಲ್ಲದ್ದನ್ನ ಯೋಚಿಸಬೇಡಿ' ಅಂದ್ರು. ಇವರೂ ಅದೇ ಅಂದ್ರು. ಅತ್ತೆಯೂ ಅದೇ. ಅಕ್ಕ ಎಣಿಸಿದ್ದಾಳೆ, ಅಕ್ಕ ಎಣಿಸಿದ್ದಾಳೆ."

ಮುಖ ನೋಡಿದರೇ ಡಾಕ್ಟರಿಗೆ ಗೊತ್ತಾಗುತ್ತದೆ ಎಂದು ಬಸ್ಸಿನಲ್ಲಿ ಪಕ್ಕಕ್ಕೆ ಕೂತಿದ್ದ ಯೋಚನೆ ಎದ್ದು ಹೋಯಿತು. ಡಾಕ್ಟರು ಮುಖ ನೋಡಿದ್ದರು, ಆಮೇಲೆ ಕಾಗದ ನೋಡಿದ್ದರು, ಕಾಗದವನ್ನು ನಂಬಿದ್ದರು. ಕಾಗದ ಮಗುವಿಗೂ ಅವರ ಕಣ್ಣಿಗೂ ನಡುವೆ ಪರದೆಯ ಹಾಗೆ ನಿಂತಿತ್ತು. ಏನಾದರೂ ಮಾಡಬೇಕೆಂದು, ಕೈಗೆ ಕೆಲಸ ಕೊಡಬೇಕೆಂದು, ನೀರಿನ ಬಾಟಲಿಗಾಗಿ ಚೀಲದೊಳಗೆ ಕೈ ಹಾಕಿದಳು. ಬಾಟಲಿಯ ಜೊತೆ ಟೋಪಿಯೂ ಬಂದು ನೆಲಕ್ಕೆ ಬಿತ್ತು. ಅಮ್ಮನೇ ಮೊದಲು ನೋಡಿದಳು. "ಇದೇನೇ ಇದು, ಹೂವಿನ ಟೋಪಿ? ಗಂಡಿಗೆ?" ತಮ್ಮ ಅದನ್ನೆತ್ತಿ ತನ್ನ ಮುಷ್ಟಿಗೆ ತೊಡಿಸಿ ಕುಣಿಸಿದ. "ಎಲ್ಲ ಗೊತ್ತಿದ್ದೂ ಹೂ ಹಾಕಿದ್ದಾಳೆ. ಯಾರಿಗೂ ಸುಳಿವು ಸಿಗಬಾರದು ಅಂತ. ಏನು ತಲೆ ಅಕ್ಕಾ ನಿಂದು!"

ತಮ್ಮನ ಹೆಂಡತಿ ಅವನ ಮುಷ್ಟಿಯ ಮೇಲಿನ ಹೂಗಳನ್ನು ನೋಡುತ್ತಿದ್ದಳು. ಒಂದೊಂದಾಗಿ ಎಣಿಸುತ್ತಿದ್ದಾಳೋ ಎಂಬಂತೆ. ಆಮೇಲೆ ಇವಳನ್ನು ನೋಡಿದಳು. ಮೊಣಕೈ ಊರಿ, ನೋವಿಗೆ ತುಟಿ ಕಚ್ಚಿ, ಎದ್ದು ಕೂತಳು.

"ಅಕ್ಕಾ. ನಿಮಗೆ ಹೆಣ್ಣು ಅಂತ ಗೊತ್ತಿತ್ತಾ?"

ಇಲ್ಲ ಎನ್ನಬಹುದಿತ್ತು. ಅಂಗಡಿಯಲ್ಲಿ ಅದೊಂದೇ ಇತ್ತು ಎನ್ನಬಹುದಿತ್ತು. ಆ ಸುಳ್ಳು ನಾಲಿಗೆಯ ತುದಿಯಲ್ಲಿ, ಸಿದ್ಧವಾಗಿ, ಪೆನ್ನಿನ ತುದಿಯಲ್ಲಿ ಅಂದು ಹತ್ತು ಎಂಬುದು ಇದ್ದಂತೆಯೇ ಇತ್ತು.

"ನಾನು ಎಣಿಸಿದ್ದು ಇವನನ್ನಲ್ಲ" ಎಂದಳು.

"ಮತ್ತೆ ಯಾರನ್ನ?"

"ನಿನ್ನನ್ನ."

ತಮ್ಮ ಇನ್ನೂ ನಗುತ್ತಿದ್ದ. ನಗು ಮುಖದ ಮೇಲೆ ಉಳಿದು, ಕಣ್ಣು ಮಾತ್ರ ಅದನ್ನು ಬಿಟ್ಟು ಹೊರಟಿತ್ತು. ಅವಳು ಹೇಳಿದಳು. ನೀರು ಕೆಂಪಗಿತ್ತು. ಅದರಲ್ಲಿ ತಾಯಿಯ ಕೋಶಗಳು ಬೆರೆತಿದ್ದವು, ಅವೇ ಬೆಳೆದವು. ಎರಡನೆಯ ಫ್ಲಾಸ್ಕಿಗೆ ಇನ್ನೂ ಐದು ದಿನ ಬೇಕಿತ್ತು. ಕಾಯಲಿಲ್ಲ. ಎರಡರಿಂದಲೂ ಎಣಿಸಿದೆ ಅಂತ ಬರೆದೆ. ಹೇಳುತ್ತ ಹೇಳುತ್ತ, ನೀನು ಫೋನು ಮಾಡ್ತಿದ್ದೆಯಲ್ಲ ಎಂಬ ಮಾತು ತಮ್ಮನ ಕಡೆಗೆ ಹೊರಟುಬಿಟ್ಟಿತ್ತು, ಅದನ್ನು ಹಲ್ಲಿನ ಹಿಂದೆ ಹಿಡಿದು ನುಂಗಿದಳು. ನುಂಗಿದ್ದು ಅವನಿಗೆ ಕಂಡಿತೇನೋ. ಅವನು ಮುಷ್ಟಿಯಿಂದ ಟೋಪಿ ತೆಗೆದ.

"ನೀನು ಎರಡು ಸಲ ಎಣಿಸ್ತೀಯಲ್ಲ ಅಕ್ಕಾ" ಎಂದ, ಶಾಲೆಯಿಂದ ಬಂದ ಹುಡುಗನ ದನಿಯಲ್ಲಿ. "ಎಲ್ಲರಿಗೂ ಹಾಗೇ ಹೇಳಿದೀನಿ ನಾನು."

"ನನ್ನಲ್ಲಿ ಎಷ್ಟಿತ್ತು?" ಎಂದಳು ಹಾಸಿಗೆಯ ಮೇಲಿದ್ದವಳು.

"ನಲವತ್ತಾರು."

"ನಾನು ಸರಿಯಿದ್ದೀನಿ ಹಾಗಾದ್ರೆ." ಅದು ವ್ಯಂಗ್ಯವೋ, ನಿಜವಾಗಿ ಕೇಳಿದ್ದೋ ತಿಳಿಯಲಿಲ್ಲ. ಆಮೇಲೆ ಅವಳ ಮುಖ ಒಡೆದಂತಾಯಿತು, ಆದರೆ ಅಳು ಬರಲಿಲ್ಲ. "ಐದು ತಿಂಗಳಿತ್ತು ಅಕ್ಕಾ ನನ್ನ ಹತ್ತಿರ. ತಯಾರಾಗ್ತೀನಿ ಅಂದಿದ್ದೆ. ಬೆಳಗಿನಿಂದ ನನಗೇ ಬುದ್ಧಿ ಕೆಟ್ಟಿದೆ ಅಂದ್ಕೊಂಡೆ. ನನ್ನ ಕಣ್ಣನ್ನೇ ನಾನು ನಂಬಲಿಲ್ಲ. ನಿಮ್ಮನ್ನ ನಂಬಿದೆ." ಅಮ್ಮನ ತೊಡೆಯಿಂದ ಮಗುವನ್ನು ಎತ್ತಿ ಕೊಡುವಂತೆ ಕೈ ಚಾಚಿದಳು. ಅಮ್ಮ ಕೊಟ್ಟಳು. "ಹೋಗಿ. ಡಾಕ್ಟರು ಇದೇ ಮಹಡೀಲಿ ಇದ್ದಾರೆ. ಆ ಕಾಗದ ಸುಳ್ಳು ಅಂತ ನೀವೇ ಹೇಳಿ. ನಾನು ಹೇಳಿದ್ರೆ ಕೇಳಲ್ಲ."

ಮೊಗಸಾಲೆಯಲ್ಲಿ ಎಡಕ್ಕೆ ಆರು ಬಾಗಿಲು. ಅವಳ ಕಾಲು ನಡೆಯುತ್ತಿತ್ತು. ಮಕ್ಕಳ ಡಾಕ್ಟರು ನಿಂತುಕೊಂಡೇ ಕಾಫಿ ಕುಡಿಯುತ್ತಿದ್ದರು, ಅವಳಿಗಿಂತ ಚಿಕ್ಕ ವಯಸ್ಸಿನವರು. ಮೊದಲ ಸಲ ಹೇಳಿದಾಗ ಅವರಿಗೆ ಅರ್ಥವಾಗಲಿಲ್ಲ, ಎರಡನೆಯ ಸಲ ಹೇಳಿದಳು. ಲೋಟ ಕೆಳಗಿಟ್ಟು ಅವಳನ್ನು ಮೇಲಿಂದ ಕೆಳಗೆ ನೋಡಿದರು. "ನೀವು ಆ ಲ್ಯಾಬಿನವರಾ?" "ಹೌದು." "ಮಗುವಿಗೆ ಏನಾಗ್ಬೇಕು?" "ಸೋದರತ್ತೆ." ಒಂದು ಹಾಳೆ ಅವಳ ಕಡೆ ತಳ್ಳಿದರು. "ಬರೆದು ಕೊಡಿ. ನಿಮ್ಮ ಮೇಡಂಗೂ ಈಗಲೇ ಫೋನ್ ಮಾಡಿ, ನನ್ನ ಎದುರಿಗೇ." ಅವಳು ಬರೆದಳು: ಇಪ್ಪತ್ತು ಕೋಶಗಳೂ ಒಂದೇ ಫ್ಲಾಸ್ಕಿನವು. ಅವು ತಾಯಿಯವು. ಮಗುವಿನ ವರ್ಣತಂತುಗಳ ಸಂಖ್ಯೆಯನ್ನು ನೋಡಿಲ್ಲ. ಕೆಳಗೆ ಹೆಸರು. ಹನ್ನೊಂದು ವರ್ಷ ಸಾವಿರಾರು ಸಲ ಹಾಕಿದ ರುಜು ಅದು, ಮಕ್ಕಳ ಕೈಬರಹದಂತೆ ಕಾಣುತ್ತಿತ್ತು. ಫೋನಿನಲ್ಲಿ ದೊಡ್ಡ ಮೇಡಂ ಎಲ್ಲವನ್ನೂ ಕೇಳಿಸಿಕೊಂಡರು. ಕೊನೆಗೆ, "ಮೈಕ್ರೋಸ್ಕೋಪಿನ ದೀಪ ಉರೀತಿತ್ತು. ನಾನೇ ಆರಿಸೋಕೆ ಹೋದೆ. ಆ ಸ್ಲೈಡು ನೋಡಿದೆ" ಎಂದಷ್ಟೇ ಅಂದು ಇಟ್ಟರು.

ಡಾಕ್ಟರು ಕೋಣೆಗೆ ಬಂದು ಮಗುವಿನ ಬಟ್ಟೆ ಬಿಚ್ಚಿದರು. ಬೆಳಿಗ್ಗೆ ನೋಡಿದ ಮಗುವನ್ನೇ ಮೊದಲ ಸಲ ನೋಡುವವರಂತೆ ನೋಡಿದರು. ಮುಷ್ಟಿ ಬಿಡಿಸಿ ಅಂಗೈ ನೋಡಿದರು, ಕುತ್ತಿಗೆಯ ಹಿಂದೆ ಬೆರಳಾಡಿಸಿದರು. ಎದೆಯ ಮೇಲೆ ಸ್ಟೆತಸ್ಕೋಪು ಇಟ್ಟು ಕಣ್ಣು ಮುಚ್ಚಿದರು. ಒಂದು ಕಡೆ ಇಟ್ಟರು, ಇನ್ನೊಂದು ಕಡೆ ಇಟ್ಟರು, ಮತ್ತೆ ಮೊದಲಿನ ಕಡೆಗೆ ತಂದು ಇಟ್ಟರು. ಎರಡನೆಯ ಸಲ. ಇವಳು ಈಗ, ಇನ್ನು ತಪ್ಪಿಸಿಕೊಳ್ಳಲಾಗದೆ, ಮಗುವಿನ ಮುಖ ನೋಡಿದಳು. ಯಾರ ಮೂಗೂ ಅಲ್ಲ, ಯಾರ ಹಣೆಯೂ ಅಲ್ಲ. ಇಂಥವನೊಬ್ಬ ಬರುತ್ತಿದ್ದಾನೆಂದು ಯಾರಿಗೂ ಗೊತ್ತಿರಲಿಲ್ಲ. ಅವನು ಕಣ್ಣು ಬಿಟ್ಟು ಬೆಳಕಿನ ಕಡೆ, ಬಹಳ ದೂರದಿಂದ ಬಂದವನ ಹಾಗೆ, ಸಾವಕಾಶವಾಗಿ ನೋಡಿದ.

"ಒಂದು ಸದ್ದು ಇದೆ" ಎಂದರು ಡಾಕ್ಟರು, ಯಾರನ್ನೂ ನೋಡದೆ. "ಬೆಳಿಗ್ಗೆ ಇಷ್ಟು ಕೇಳಿಸಲಿಲ್ಲ. ಅಥವಾ ನಾನೇ... ಇರಲಿ. ಹೃದಯದ ಸ್ಕ್ಯಾನ್ ಈಗಲೇ ಆಗ್ಬೇಕು. ನಾಳೆ ಮನೆಗೆ ಕಳಿಸಿಬಿಡ್ತಿದ್ದೆ." ಆ ಕೊನೆಯ ಮಾತನ್ನು ತಮಗೇ ಹೇಳಿಕೊಂಡರು. ನರ್ಸು ಬಂದು ಎಳೆಯ ಕೈಯಿಂದ ಒಂದಿಷ್ಟು ರಕ್ತ ತೆಗೆದಳು. ಮಗು ಅತ್ತ ಸದ್ದು ಬೆಕ್ಕಿನ ಮರಿಯ ಕೂಗಿನಷ್ಟಿತ್ತು. ಕೊಳವೆಯ ಮೇಲೆ ಅಂಟಿಸಲು ಚೀಟಿ ಬರೆಯುವಾಗ ನರ್ಸು ಕೇಳಿದಳು, "ಮಗು ಹೆಸರು ಇನ್ನೂ ಇಟ್ಟಿಲ್ಲ ಅಲ್ವಾ? ತಾಯಿ ಹೆಸರೇ ಹಾಕಲಾ?"

"ಬೇಡ" ಎಂದಳು ತಮ್ಮನ ಹೆಂಡತಿ ತಟ್ಟನೆ. ಎಲ್ಲರೂ ತಿರುಗಿದರು. "ನನ್ನ ಹೆಸರು ಹಾಕ್ಬೇಡಿ. ಮಗು ಅಂತ ಬರೀರಿ. ಗಂಡು ಮಗು ಅಂತ."

ಸ್ಕ್ಯಾನಿಗೆ ಇನ್ನೊಂದು ಕಟ್ಟಡಕ್ಕೆ ಹೋಗಬೇಕಿತ್ತು, ನಡುವೆ ಬಯಲು, ಗಾಳಿ. ತಮ್ಮ ಗಾಲಿಕುರ್ಚಿ ತರಲು ಹೋದ, ಅಕ್ಕನ ಪಕ್ಕದಿಂದ ಹಾದುಹೋಗುವಾಗ ಗೋಡೆಯ ಕಡೆ ಒತ್ತಿಕೊಂಡು ಹೋದ. ತಮ್ಮನ ಹೆಂಡತಿ ಮಗುವಿನ ತಲೆಯ ಮೇಲೆ ಅಂಗೈ ಇಟ್ಟು ನೋಡಿ, "ತಣ್ಣಗಿದೆ. ಅದನ್ನ ಕೊಡಿ" ಎಂದಳು. ಯಾವುದೆಂದು ಇವಳಿಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು. ಹಾಸಿಗೆಯ ಕಾಲಿನ ಹತ್ತಿರ ಬಿದ್ದಿದ್ದ ಟೋಪಿಯನ್ನು ಎತ್ತಿ, ಕೊಡವಿ, ಕೊಟ್ಟಳು. ಅಳತೆ ದೊಡ್ಡದಾಗಿತ್ತು, ಹೂಗಳು ಹುಬ್ಬಿನವರೆಗೆ ಬಂದವು. ತಾಯಿ ಅಂಚನ್ನು ಒಂದು ಸಲ ಮಡಿಸಿದಳು.

"ಎಷ್ಟು ದಿನ ಆಗತ್ತೆ, ಎಣಿಸೋಕೆ?" ತಲೆ ಎತ್ತದೆ ಕೇಳಿದಳು.

"ನಾನು ಎಣಿಸಲ್ಲ. ಬೇರೆಯವರು..." ಕನ್ನಡಕ ಎಣಿಸುತ್ತಾನೆ. ಒಂದೇ ಸಲ ಎಣಿಸುತ್ತಾನೆ, ನಿಯಮದ ಪ್ರಕಾರ ಎಣಿಸುತ್ತಾನೆ. ರಕ್ತವಾದರೆ ಮೂರು ದಿನಕ್ಕೂ ಮಾಡಿಸಬಹುದು, ಯಾರಿಗಾದರೂ ಹೇಳಿ, ಯಾರದಾದರೂ ಕೈಕಾಲು ಹಿಡಿದು. ಅದು ಬಾಯಿಗೆ ಬಂದಿತ್ತು. "ಒಂದು ವಾರ" ಎಂದಳು. "ಬೇಗ ಬೇಕು ಅಂತ ಫೋನು ಮಾಡಬೇಡಿ."

"ಮಾಡಲ್ಲ" ಎಂದಳು ಅವಳು.

ಗಾಲಿಕುರ್ಚಿ ಬಂತು. ತಮ್ಮ ಹೆಂಡತಿಯನ್ನೂ ಮಗುವನ್ನೂ ಕೂರಿಸಿಕೊಂಡು ತಳ್ಳತೊಡಗಿದ. ಅಮ್ಮ ಹಿಂದೆ. ಬಾ ಎಂದೂ ಯಾರೂ ಅನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಅವಳು ನಾಲ್ಕು ಹೆಜ್ಜೆ ಬಿಟ್ಟುಕೊಂಡು ಅವರ ಹಿಂದೆ ನಡೆದಳು, ತಮ್ಮನ ಭುಜದಾಚೆ ಆಗಾಗ ಕಾಣುವ ಹೂವಿನ ಅಂಚನ್ನು ನೋಡುತ್ತ, ಏನನ್ನೂ ಎಣಿಸದೆ.